ಮಾವನಿಗೆ ಪಾರ್ಕಿನ್ಸನ್: ಅರಿಶಿನದ ಕ್ಯಾಪ್ಸೂಲ್ ಕೊಟ್ಟವರು ಯಾರಾದರೂ ಇದ್ದೀರಾ?

ಮಲ್ಪೆ ಸೊಸೆ: ಮಾವನಿಗೆ 68. ಎರಡು ವರ್ಷದಿಂದ ಪಾರ್ಕಿನ್ಸನ್‌ಗೆ ಲೆವೊಡೋಪಾ ಮಾತ್ರೆ ನಡೆಯುತ್ತಿದೆ. ಹೃದಯಕ್ಕೆಂದು ರಕ್ತ ತೆಳು ಮಾಡುವ ಮಾತ್ರೆಯೂ ಉಂಟು. ಆಂಟಿಆಕ್ಸಿಡೆಂಟ್ ಮಿದುಳಿಗೆ ಒಳ್ಳೆಯದೆಂದು ನಾದಿನಿ ಅರಿಶಿನದ ಕ್ಯಾಪ್ಸೂಲ್ ತಂದಿದ್ದಾಳೆ. ಕೊಡಬಹುದಾ? ಅನುಭವ ಇದ್ದವರು ಹೇಳಿ.

ಬಿಜೈಯವ: ದುಡ್ಡು ದಂಡ ಮಾರಾಯ್ರೆ. ನಾನು ಅಪ್ಪನಿಗೆ ಕೋಎನ್‌ಜೈಮ್ ಕ್ಯೂ10 ಕೊಟ್ಟೆ, ಅದೂ ಆಂಟಿಆಕ್ಸಿಡೆಂಟೇ. 100 ಮಿಲಿಗ್ರಾಮಿನದ್ದು, ದಿನಕ್ಕೆ ಮೂರು. ಹತ್ತರ ಸ್ಟ್ರಿಪ್‌ಗೆ 420 ರೂಪಾಯಿ. ತಿಂಗಳಿಗೆ 9 ಸ್ಟ್ರಿಪ್, 3,780. ಹದಿನಾಲ್ಕು ತಿಂಗಳಿಗೆ 52,920. ಬಿಲ್ಲುಗಳೆಲ್ಲ ಕಪಾಟಿನಲ್ಲಿ ಹಾಗೇ ಇವೆ. ಅಪ್ಪನಿಗೆ ಅಂಗಿಯ ಗುಂಡಿ ಹಾಕಲು ಆಗದೆ ಹೋದದ್ದು ಆ ಹದಿನಾಲ್ಕು ತಿಂಗಳಲ್ಲೇ. ಆಮೇಲೆ ಗೊತ್ತಾಯಿತು, ಅಮೆರಿಕ, ಕೆನಡಾದಲ್ಲಿ 600 ರೋಗಿಗಳನ್ನು ಸೇರಿಸಿ, ದಿನಕ್ಕೆ 2,400 ಮಿಲಿಗ್ರಾಮಿನವರೆಗೂ ಕೊಟ್ಟು ನೋಡಿದ್ದಾರೆ. ಪ್ರಯೋಜನ ಕಾಣದೆ ಅರ್ಧಕ್ಕೇ ನಿಲ್ಲಿಸಿದರು. ವರದಿ ಬಂದದ್ದು 2014ರಲ್ಲಿ. ನಾನು ಓದಿದ್ದು 2022ರಲ್ಲಿ!

ಕಾರ್ಕಳದ ಅಕ್ಕ: ಮೆಡಿಕಲ್ ಶಾಪಿಗೆ ಓಡಿದ್ದೇ ತಪ್ಪು. ನನ್ನ ಅಮ್ಮನಿಗೆ 82. ನಮ್ಮ ಬಾವಿಕಟ್ಟೆ ಹತ್ತಿರ ತಿಮರೆ ತಾನಾಗಿ ಹಬ್ಬಿದೆ. ದಿನಾ ಒಂದು ಹಿಡಿ ಬೇರು ಸಮೇತ ತೊಳೆದು ತಂಬುಳಿ. ಮೊಮ್ಮಕ್ಕಳ ನಕ್ಷತ್ರವೆಲ್ಲ ಅವರಿಗೆ ಬಾಯಿಪಾಠ. ಬ್ರಾಹ್ಮಿ ಅಂದರೆ ಸುಮ್ನೆ ಅಲ್ಲ.

ಕುಂಜಿಬೆಟ್ಟು: ಅಕ್ಕಾ, ನಿಮ್ಮ ಅಮ್ಮನಿಗೆ ಕಾಯಿಲೆಯೇ ಇಲ್ಲ ಅಲ್ವಾ? ಮತ್ತೆ ಗುಣ ಆದದ್ದು ಎಂತ? ತಿಮರೆ ಅಂದರೆ ಒಂದೆಲಗ. ಕ್ಯಾಪ್ಸೂಲಿನಲ್ಲಿ ಬ್ರಾಹ್ಮಿ ಅಂತ ಬರುವುದು ಹೆಚ್ಚಾಗಿ ನೀರುಬ್ರಾಹ್ಮಿ. ಗಿಡವೇ ಬೇರೆ.
ನಾನು ನಸುಗುನ್ನಿ ಬೀಜದ ಪುಡಿ ಕೊಟ್ಟು ಕೆಟ್ಟವಳು. ಯಜಮಾನರಿಗೆ ರಾತ್ರಿ ಹಾಲಿನಲ್ಲಿ ಒಂದು ಚಮಚ. ಮೊದಲ ವಾರ ನಡುಕ ಕಮ್ಮಿ, ರಥಬೀದಿಗೆ ಒಬ್ಬರೇ ಹೋಗಿ ಬಂದರು. ನನಗೋ ಹೆಮ್ಮೆ. ಮೂರನೇ ವಾರ ಕತ್ತು, ಭುಜ ತಮ್ಮಷ್ಟಕ್ಕೆ ಕುಣಿಯತೊಡಗಿದವು. ಲೋಟ ಎತ್ತಿದರೆ ಕಾಫಿಯೆಲ್ಲ ಬನಿಯನ್ ಮೇಲೆ. ಆ ಬೀಜದಲ್ಲಿ ಇರುವುದೂ ಲೆವೊಡೋಪಾವೇ! ಇದ್ದ ಮಾತ್ರೆಯ ಮೇಲೆ ಇನ್ನಷ್ಟು ಸುರಿದ ಹಾಗಾಯಿತು. ಡಾಕ್ಟರ್ ಬೈದದ್ದು ಇನ್ನೂ ಕಿವಿಯಲ್ಲಿ ಉಂಟು.

ಕಾರ್ಕಳದ ಅಕ್ಕ: ಅಳತೆ ಗೊತ್ತಿಲ್ಲದೆ ಸುರಿದದ್ದು ನೀವು. ನಮ್ಮ ತಿಮರೆಯ ಸುದ್ದಿಗೆ ಬರಬೇಡಿ.

ಬಿಜೈಯವ: ತಂಬುಳಿ ಊಟಕ್ಕೆ ಸರಿ ಅಕ್ಕ, ಮದ್ದು ಅಂತ ಹೇಳಬೇಡಿ. ಅರಿಶಿನದ ಕರ್ಕುಮಿನ್ ಸಹ ಹೊಟ್ಟೆಯಿಂದ ರಕ್ತಕ್ಕೆ ಸೇರುವುದೇ ಕಷ್ಟ. ಅದಕ್ಕೇ ಎಷ್ಟೋ ಕ್ಯಾಪ್ಸೂಲಿಗೆ ಕಾಳುಮೆಣಸಿನ ಸತ್ವ ಬೆರೆಸುತ್ತಾರೆ.

ಕಾರ್ಕಳದ ಅಕ್ಕ: 52,920 ಕಳೆದುಕೊಂಡವರ ಬುದ್ಧಿವಾದ ನನಗೆ ಬೇಡ.

ಮಲ್ಪೆ ಸೊಸೆ: ರಕ್ತ ತೆಳು ಮಾಡುವ ಮಾತ್ರೆಯ ಬಗ್ಗೆ ಯಾರಾದರೂ...?

ಕುಂಜಿಬೆಟ್ಟು: ಕ್ಯಾಪ್ಸೂಲ್ ಬೇಡ ತಂಗಿ, ಎರಡೂ ಸೇರಿದರೆ ರಕ್ತ ಸೋರುವ ಅಪಾಯ ಜಾಸ್ತಿ. ಡಬ್ಬಿ ಡಾಕ್ಟರಿಗೆ ತೋರಿಸಿ. ಸಾರಿಗೆ ಹಾಕುವ ಅರಿಶಿನಕ್ಕೆ ಹೆದರಬೇಡಿ. ಅಂದಹಾಗೆ ಅಕ್ಕ, ತಂಬುಳಿಗೆ ಬೇರು ಯಾರು ಹಾಕುತ್ತಾರೆ? ಮಣ್ಣಿನ ವಾಸನೆ.

ಕಾರ್ಕಳದ ಅಕ್ಕ: ತೊಳೆಯಲು ಬಾರದವರಿಗೆ.