ಬಲ, ಶಕ್ತಿ ಎರಡನ್ನೂ ಆಟ ತೋರಿಸಿ ಹೇಳಿಕೊಟ್ಟವರು ಇದ್ದೀರಾ?

ಕೇಳಿದವರು: ಮಗಳು ಒಂಬತ್ತನೇ ಕ್ಲಾಸು. ಸೂತ್ರಗಳೆಲ್ಲ ಬಾಯಿಪಾಠ, ಲೆಕ್ಕ ಕೊಟ್ಟರೆ ಬಿಡಿಸುತ್ತಾಳೆ. ಆದರೆ ಬಾಲ್ ಹಿಡಿಯುವಾಗ ಕೈ ಯಾಕೆ ಹಿಂದಕ್ಕೆ ಎಳೆದುಕೊಳ್ಳುತ್ತಾರೆ ಅಂದರೆ ತಡವರಿಸುತ್ತಾಳೆ. ಆಟ ಅಂದ್ರೆ ಪ್ರಾಣ ಅವಳಿಗೆ. ಹಾಗೆ ಹೇಳಿಕೊಟ್ಟು ಅನುಭವ ಇರುವವರು ಸ್ವಲ್ಪ ತಿಳಿಸಿ.

ಒಬ್ಬ ತಂದೆ: ಕೈ ಹಿಂದಕ್ಕೆ ಎಳೆದರೆ ಬಾಲಿನ ಶಕ್ತಿ ಕಡಿಮೆ ಆಗುತ್ತೆ ಅನ್ನಿ, ಸಾಕು. ನನ್ನ ಮಗನಿಗೆ ಹಾಗೇ ಹೇಳಿದ್ದೆ.

ವಿಜ್ಞಾನದ ಮೇಷ್ಟ್ರು: ಮಕ್ಕಳು ಎಡವುವುದೇ ಅಲ್ಲಿ ಸರ್. ಹೇಗೆ ಹಿಡಿದರೂ ಖಾಲಿ ಆಗಬೇಕಾದ ಶಕ್ತಿ ಅಷ್ಟೇ, ಕಡಿಮೆ ಆಗುವುದು ಬಲ. ನಾನು ಕ್ಲಾಸಿನಲ್ಲಿ ಈ ಲೆಕ್ಕ ಮಾಡಿಸುತ್ತೇನೆ. ಕ್ರಿಕೆಟ್ ಬಾಲ್ ಸುಮಾರು 160 ಗ್ರಾಂ. ಸೆಕೆಂಡಿಗೆ 30 ಮೀಟರ್, ಅಂದರೆ ಗಂಟೆಗೆ 108 ಕಿ.ಮೀ. ವೇಗದಲ್ಲಿ ಬಂದರೆ ಚಲನಶಕ್ತಿ, ಅಂದರೆ ಓಟದಿಂದ ಬಾಲಿನಲ್ಲಿರುವ ಶಕ್ತಿ, 72 ಜೂಲ್ (ಜೂಲ್ ಶಕ್ತಿಯ ಅಳತೆ). ಬಾಲ್ ನಿಲ್ಲಬೇಕಾದರೆ ಈ 72 ಪೂರ್ತಿ ಖಾಲಿ ಆಗಲೇಬೇಕು, ಅದರಲ್ಲಿ ಚೌಕಾಸಿ ಇಲ್ಲ. ಎಷ್ಟು ದೂರದಲ್ಲಿ ನಿಲ್ಲಿಸುತ್ತೀರಿ ಅನ್ನುವುದು ಮಾತ್ರ ನಿಮ್ಮ ಕೈಲಿದೆ. ಬಲವನ್ನು ದೂರದಿಂದ ಗುಣಿಸಿದರೆ ಆ 72 ಬರಬೇಕು ತಾನೇ? ಕೈ ಬಿಗಿ ಮಾಡಿ 2 ಸೆಂ.ಮೀ. ಒಳಗೆ ನಿಲ್ಲಿಸಿದರೆ ಸರಾಸರಿ ಬಲ 3600 ನ್ಯೂಟನ್ (ನ್ಯೂಟನ್ ಬಲದ ಅಳತೆ). ಬಾಲಿನ ಜೊತೆಗೇ ಕೈಯನ್ನು 30 ಸೆಂ.ಮೀ. ಹಿಂದಕ್ಕೆ ಬಿಟ್ಟರೆ 240. ಅದೇ ಬಾಲ್, ಅದೇ ವೇಗ, ಏಟು ಹದಿನೈದು ಪಟ್ಟು ಕಮ್ಮಿ. ಮೊದಲು ಟೆನಿಸ್ ಬಾಲಿನಲ್ಲಿ ಎರಡೂ ಥರ ಹಿಡಿಸಿ, ಆಮೇಲೆ ಲೆಕ್ಕ ಮಾಡಿಸಿ. ಉಲ್ಟಾ ಮಾಡಿದರೆ ಮತ್ತೆ ಬಾಯಿಪಾಠವೇ.

ಅಥ್ಲೆಟಿಕ್ಸ್ ಕೋಚ್: ನಮ್ಮಲ್ಲಿ ಇದೇ ಪಾಠ ಮಂಡಿಗೆ. 60 ಸೆಂ.ಮೀ. ಎತ್ತರದಿಂದ ಜಿಗಿದು, ಮಂಡಿ ಬಗ್ಗಿಸಿ ದೇಹವನ್ನು ಇನ್ನೂ 30 ಸೆಂ.ಮೀ. ಇಳಿಯಲು ಬಿಟ್ಟರೆ ನೆಲ ಸರಾಸರಿ ನಿಮ್ಮ ತೂಕದ 3 ಪಟ್ಟು ಒತ್ತುತ್ತೆ. ಕಾಲು ಸೆಟೆಸಿ 5 ಸೆಂ.ಮೀ.ನಲ್ಲೇ ನಿಂತರೆ 13 ಪಟ್ಟು. ಎರಡನೆಯದನ್ನು ಲೆಕ್ಕದಲ್ಲಷ್ಟೇ ತೋರಿಸಿ ಮೇಡಂ, ಮಾಡಿಸಬೇಡಿ!

ಶಕ್ತಿ ರೂಪ ಬದಲಿಸುವುದನ್ನು ತೋರಿಸಲು ಪೋಲ್‌ವಾಲ್ಟ್ (ಓಡಿ ಬಂದು ಉದ್ದ ಕೋಲು ಊರಿ ಎತ್ತರಕ್ಕೆ ಜಿಗಿಯುವ ಆಟ) ವಿಡಿಯೊ ನಿಧಾನವಾಗಿ ಓಡಿಸಿ ನೋಡಲಿ. ಓಟದ ಶಕ್ತಿ ಬಾಗಿದ ಕೋಲಿಗೆ ಹೋಗುತ್ತೆ, ಕೋಲು ನೆಟ್ಟಗಾಗುತ್ತಾ ಎತ್ತರವಾಗುತ್ತೆ. ಸೆಕೆಂಡಿಗೆ 10 ಮೀಟರ್ ಓಟ ಪೂರ್ತಿ ಎತ್ತರವಾದರೆ ಸುಮಾರು 5 ಮೀಟರ್. ದೇಹದ ಗುರುತ್ವ ಕೇಂದ್ರ (ತೂಕವೆಲ್ಲ ಸೇರಿದಂತಿರುವ ಬಿಂದು) ಮೊದಲೇ 1 ಮೀಟರ್ ಮೇಲಿರುತ್ತಲ್ಲ, ಅಲ್ಲಿಗೆ 6. ಪೋಲ್‌ವಾಲ್ಟ್ ಆಟಗಾರ ಸೆರ್ಗೆಯ್ ಬುಬ್ಕಾ 1985ರಲ್ಲಿ ಮೊದಲ ಬಾರಿಗೆ ಮುಟ್ಟಿದ್ದೂ ಆ 6 ಮೀಟರನ್ನೇ. ದಾರಿಯಲ್ಲಿ ಒಂದಿಷ್ಟು ಶಕ್ತಿ ಪೋಲಾಗುತ್ತೆ, ತೋಳು ಒಂದಿಷ್ಟು ಸೇರಿಸುತ್ತೆ, ಅದು ಬೇರೆ.

ಸೈಕಲ್ ಹುಚ್ಚಿನವರು: ಸೈಕಲ್ ಇದ್ದರೆ ಖಾಲಿ ಮೈದಾನದಲ್ಲಿ ಬ್ರೇಕ್ ಹಾಕಿಸಿ. ಮೊದಲು ನಿಧಾನಕ್ಕೆ, ಆಮೇಲೆ ಅದರ ಎರಡರಷ್ಟು ವೇಗದಲ್ಲಿ. ಒಂದೇ ಹದಕ್ಕೆ ಬ್ರೇಕ್ ಒತ್ತಿದರೆ ನಿಲ್ಲುವ ದೂರ ಎರಡು ಪಟ್ಟಲ್ಲ, ಹತ್ತಿರ ಹತ್ತಿರ ನಾಲ್ಕು ಪಟ್ಟು. ಎರಡು ಗೆರೆ ಎಳೆದು ಅಳೆದರೆ ಯಾರೂ ಮರೆಯಲ್ಲ.

ವಿಜ್ಞಾನದ ಮೇಷ್ಟ್ರು: ಇದು ಒಳ್ಳೇದು. 1720ರ ದಶಕದಲ್ಲಿ ಡಚ್ ವಿಜ್ಞಾನಿ ಗ್ರಾವೆಸಾಂಡೆ ಹಿತ್ತಾಳೆ ಗುಂಡುಗಳನ್ನು ಮೆತ್ತನೆ ಜೇಡಿಮಣ್ಣಿನ ಮೇಲೆ ಬೀಳಿಸಿ ಇದನ್ನೇ ಕಂಡಿದ್ದ. ವೇಗ ಎರಡರಷ್ಟಾದರೆ ಗುಳಿ ನಾಲ್ಕರಷ್ಟು ಆಳ.

ಕೇಳಿದವರು: ತುಂಬಾ ಥ್ಯಾಂಕ್ಸ್. ಇನ್ನೊಂದು ಅವಳದ್ದೇ ಪ್ರಶ್ನೆ. ಭಾರದ ಬ್ಯಾಗ್ ಹಿಡಿದು ಸುಮ್ನೆ ನಿಂತರೆ ಮಾಡಿದ ಕೆಲಸ ಸೊನ್ನೆ ಅಂತ ಪುಸ್ತಕದಲ್ಲಿದೆ. ಮತ್ತೆ ಕೈ ಯಾಕೆ ಸೋಲುತ್ತೆ?

ವಿಜ್ಞಾನದ ಮೇಷ್ಟ್ರು: ಒಳ್ಳೇ ಪ್ರಶ್ನೆ. ಸೊನ್ನೆ ಆಗಿರುವುದು ಬ್ಯಾಗಿನ ಮೇಲಿನ ಕೆಲಸ, ಅದು ಅಲುಗಲೇ ಇಲ್ಲವಲ್ಲ. ಆದರೆ ಸ್ನಾಯುವಿನ ಎಳೆಗಳು ಬಿಗಿಯಾಗೇ ಇರಬೇಕಾದರೆ ಒಳಗೆ ಒಂದೇ ಸಮನೆ ಎಳೆಯುತ್ತಾ ಬಿಡುತ್ತಾ ಇರಬೇಕು. ಅದಕ್ಕೆ ಶಕ್ತಿ ಖರ್ಚಾಗಿ ಶಾಖವಾಗುತ್ತೆ. ಅದೇ ಬ್ಯಾಗನ್ನು ಗೋಡೆಯ ಮೊಳೆಗೆ ತಗುಲಿಸಿದರೆ ಮೊಳೆಗೆ ಆ ಖರ್ಚಿಲ್ಲ. ಆದರೆ ಇದನ್ನು ಆಮೇಲೆ ಹೇಳಿ, ಮೊದಲು ಬಾಲ್ ಹಿಡಿಯಲಿ.