ಗಾಯಕ್ಕೆ ಅಳಲ್ಲ, ಲೇಬಲ್ ತಾಗಿದರೆ ಕಿರುಚುತ್ತಾನೆ: ನಿಮ್ಮ ಅನುಭವ ಹೇಳಿ

ಮಗನಿಗೆ 7 ವರ್ಷ, ಆಟಿಸಂ ಇದೆ. ಮಾತು ಕಡಿಮೆ. ಮೊಣಕಾಲು ತರಚಿ ರಕ್ತ ಬಂದರೂ ಅಳುವುದಿಲ್ಲ. ಅಂಗಿಯ ಲೇಬಲ್ ಕುತ್ತಿಗೆಗೆ ತಾಗಿದರೆ ಮಾತ್ರ ಕಿರುಚಾಡುತ್ತಾನೆ. ಇವನಿಗೆ ನೋವು ಗೊತ್ತಾಗುತ್ತದೋ ಇಲ್ಲವೋ?

ಒಬ್ಬ ತಾಯಿ: ಗೊತ್ತಾಗುತ್ತದೆ, ಮುಖದಲ್ಲಿ ಕಾಣುವುದಿಲ್ಲ ಅಷ್ಟೇ. ನನ್ನ ಮಗಳಿಗೆ ಹಲ್ಲು ಹುಳುಕಾಗಿದ್ದಾಗ ಒಂದು ಹನಿ ಕಣ್ಣೀರಿಲ್ಲ. ಒಂದೇ ಕಡೆ ಅಗಿಯುತ್ತಿದ್ದಳು, ಕೆನ್ನೆಗೆ ಹೊಡೆದುಕೊಳ್ಳುತ್ತಿದ್ದಳು. ಅದನ್ನು ಎಲ್ಲರೂ ಹಟ ಅಂದರು! ಆಮೇಲಿಂದ ಅವಳು ಆರಾಮಾಗಿರುವ ದಿನ ಹೇಗೆ ಮಲಗುತ್ತಾಳೆ, ಹೇಗೆ ನಡೆಯುತ್ತಾಳೆ ಅಂತ ಬರೆದಿಟ್ಟಿದ್ದೇನೆ. ಅದರಲ್ಲಿ ಏನಾದರೂ ಬದಲಾದರೆ ಮೊದಲು ನೋವನ್ನೇ ಅನುಮಾನಿಸುತ್ತೇನೆ.

ನರವಿಜ್ಞಾನ ಓದಿದವನು: ಗಾಯಕ್ಕೆ ಅಳದಿರುವುದು, ಲೇಬಲ್‌ಗೆ ಕಿರುಚುವುದು, ಎರಡೂ ಒಂದೇ ಮಗುವಿನಲ್ಲಿರುವುದು ವಿಚಿತ್ರವೇನಲ್ಲ. ಚರ್ಮದಿಂದ ಬರುವ ಸ್ಪರ್ಶ, ನೋವಿನ ಸುದ್ದಿ ಇದ್ದ ಹಾಗೇ ಮಿದುಳಿಗೆ ಹೋಗುವುದಿಲ್ಲ. ಬೆನ್ನುಹುರಿಯಲ್ಲಿ ಕೆಲವು ಪುಟ್ಟ ನರಕೋಶಗಳು ಗಾಬಾ ಎಂಬ ರಾಸಾಯನಿಕ ಬಿಟ್ಟು ಅದರ ಜೋರನ್ನು ತಗ್ಗಿಸುತ್ತವೆ. ಇಲ್ಲೊಂದು ಗೇಟ್ ಇದೆ ಅಂತ ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲೇ ಹೇಳಿದ್ದರು. 2016ರಲ್ಲಿ ಹಾರ್ವರ್ಡ್‌ನ ಗಿಂಟಿ, ಒರೆಫಿಸ್ ತಂಡ ಆಟಿಸಂಗೆ ನಂಟಿರುವ ಜೀನ್‌ಗಳನ್ನು ಇಲಿಗಳ ಸ್ಪರ್ಶ ನರಗಳಲ್ಲಿ ಮಾತ್ರ ಕೆಡಿಸಿ ನೋಡಿತು. ಮಿದುಳನ್ನು ಮುಟ್ಟಲೇ ಇಲ್ಲ. ಮೆಕ್‌ಪಿ2 ಎಂಬ ಜೀನ್ ಕೆಟ್ಟಾಗ ಬೆನ್ನುಹುರಿಯಲ್ಲಿ ಆ ತಡೆ ಸಡಿಲವಾಯಿತು. ಶ್ಯಾಂಕ್3 ಎಂಬ ಜೀನ್ ಕೆಟ್ಟಾಗ ನರಗಳೇ ಅತಿಯಾಗಿ ಚುರುಕಾಗುತ್ತವೆ ಅಂತ ಅದೇ ತಂಡ 2019ರಲ್ಲಿ ತೋರಿಸಿತು. ಎರಡರಲ್ಲೂ ಹಗುರ ಸ್ಪರ್ಶವೇ ಇಲಿಗೆ ಜಾಸ್ತಿ ಅನಿಸಿತು. 2016ರಲ್ಲೇ ಇನ್ನೊಂದು ತಂಡಕ್ಕೆ ಕಂಡದ್ದು ಕೇಳಿ: ಶ್ಯಾಂಕ್3 ಕೊರತೆಯಿದ್ದ ಇಲಿಗಳಲ್ಲಿ, ಉರಿಯೂತ ಆದಾಗ ಹೆಚ್ಚಾಗಬೇಕಿದ್ದ ಬಿಸಿಯ ನೋವು ಅಷ್ಟಾಗಿ ಹೆಚ್ಚಲಿಲ್ಲ. ಒಂದೇ ಜೀನ್, ಸ್ಪರ್ಶ ಜೋರು, ನೋವು ಮಂದ. ನಿಮ್ಮ ಮಗನ ಕಥೆಯ ಹಾಗೇ ಅಲ್ವಾ? ಆದರೆ ಇವು ಇಲಿಗಳು. ಆಟಿಸಂಗೆ ಒಂದೇ ಜೀನ್ ಕಾರಣವೂ ಅಲ್ಲ. ಇದನ್ನು ಓದಿ ಜೀನ್ ಪರೀಕ್ಷೆಗೆ ಓಡಬೇಡಿ.

ಆಟಿಸಂ ಇರುವ ಒಬ್ಬಳು: ನನಗೆ ನೋವು ತಡವಾಗಿ ತಿಳಿಯುತ್ತದೆ. ತಿಳಿದರೂ ಎಲ್ಲಿ ಅಂತ ಹೇಳಲು ಬರುವುದಿಲ್ಲ. "ಎಲ್ಲಿ ನೋವು?" ಅಂತ ಕೇಳಿದರೆ ತಲೆ ಖಾಲಿ. ದೇಹದ ಚಿತ್ರ ತೋರಿಸಿ "ಇಲ್ಲಾ? ಇಲ್ಲಾ?" ಅಂತ ಕೇಳಿದರೆ ಬೆರಳಿಡುತ್ತೇನೆ. ಇನ್ನೊಂದು: ಮೆಲ್ಲಗೆ ಸವರಬೇಡಿ. ಮುಟ್ಟುತ್ತೇನೆ ಅಂತ ಮೊದಲು ಹೇಳಿ, ಆಮೇಲೆ ಗಟ್ಟಿಯಾಗಿ ಹಿಡಿಯಿರಿ. ನನಗಂತೂ ಸವರಿದರೇ ಹಿಂಸೆ. ಲೇಬಲ್ ಕತ್ತರಿಸಿಬಿಡಿ, ಅದರಲ್ಲಿ ಅಭ್ಯಾಸ ಮಾಡಿಸುವಂಥದ್ದು ಏನೂ ಇಲ್ಲ.

ಮಕ್ಕಳ ವಾರ್ಡಿನ ನರ್ಸ್: ಆಸ್ಪತ್ರೆಗೆ ಹೋದಾಗ ಆರ್-ಫ್ಲ್ಯಾಕ್ ಎಂಬ ನೋವಿನ ಅಳತೆ ಬಳಸುತ್ತಾರಾ ಕೇಳಿ. ಮಗು ನೋವಿನಲ್ಲಿ ಏನು ಮಾಡುತ್ತದೆ ಅಂತ ಪೋಷಕರು ಹೇಳಿದ್ದನ್ನು ಅದರಲ್ಲಿ ಸೇರಿಸಬಹುದು. ಮೇಲಿನ ತಾಯಿಯ ಪಟ್ಟಿ ಅಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ. "ಇವನಿಗೆ ನೋವಾಗಲ್ಲ" ಅಂತ ಯಾರಾದರೂ ಹೊಲಿಗೆಗೆ ಮುಂಚೆ ಮರಗಟ್ಟಿಸುವ ಔಷಧಿ ಬಿಟ್ಟರೆ ಒಪ್ಪಬೇಡಿ. ಬಿದ್ದ ಮೇಲೆ ಕುಂಟಿದರೆ, ಒಂದು ಕೈ ಬಳಸದಿದ್ದರೆ, ಅಳದಿದ್ದರೂ ತೋರಿಸಿ.