ಕಳೆ ಔಷಧಿ ಹೊಡೆದ್ರೆ ಕಳೆ ಸಾಯತ್ತೆ, ಗೋಧಿ ಯಾಕೆ ಸಾಯಲ್ಲ?

ಹೊಸಬೆಳೆಗಾರ:
ಎಲ್ರಿಗೂ ನಮಸ್ಕಾರ. ಗೋಧಿ ಹಾಕಿರೋದು ಇದೇ ಮೊದಲ ಸಲ, ಪ್ರಶ್ನೆ ಬಾಲಿಶ ಅನ್ಸಿದ್ರೆ ಬೈಬೇಡಿ. ಹೊಲದಲ್ಲಿ ಅಗಲ ಎಲೆ ಕಳೆನೂ ಇತ್ತು, ಕಾಡು ಓಟ್ಸೂ ಇತ್ತು, ಈ ಕಾಡು ಓಟ್ಸ್ ಸಣ್ಣದಿದ್ದಾಗ ಗೋಧಿ ಪಕ್ಕ ನಿಂತ್ರೆ ಯಾವ್ದು ಯಾವ್ದು ಅಂತ ನಂಗಂತೂ ಗೊತ್ತಾಗಲ್ಲ. ಕ್ಲೋಡಿನಾಫಾಪ್ ಮತ್ತೆ ಮೆಟ್‌ಸಲ್ಫ್ಯೂರಾನ್ ಎರಡೂ ಇರೋ ಔಷಧಿ ಹೊಡೆದೆ. ಈಗ ಹತ್ತು ದಿನ ಆಯ್ತು, ಕಾಡು ಓಟ್ಸ್ ಸುಳಿ ಹಿಡಿದು ಎಳೆದ್ರೆ ಕಿತ್ಕೊಂಡು ಬರ್ತಿದೆ, ಅಗಲ ಎಲೆದು ಮುದುರ್ಕೊಂಡಿದೆ, ಗೋಧಿ ನಿಂತಿದೆ. ಆದ್ರೆ ಅಲ್ಲಲ್ಲಿ ಸ್ವಲ್ಪ ಹಳದಿ ತಿರುಗಿದೆ, ಅದು ಬೇರೆ ಭಯ. ನನ್ನ ಡೌಟ್ ಇಷ್ಟೇ, ನಂಗೇ ಗುರುತು ಸಿಗದ ಎರಡು ಹುಲ್ಲನ್ನ ಔಷಧಿ ಹೇಗೆ ಗುರುತು ಹಿಡಿಯತ್ತೆ? ಇದು ಜಿಎಂ (ಬೇರೆ ಜೀವಿಯ ಜೀನ್ ಸೇರಿಸಿದ) ಗೋಧಿ ಏನೂ ಅಲ್ಲ, ಮಾಮೂಲಿ ಬೀಜ.

ಗಣ್ಣುಕಡ್ಡಿ:
ಗೋಧಿ ಎಲೆ ಸಣ್ಣಗೆ, ನೆಟ್ಟಗೆ ಇರತ್ತೆ, ಮೇಲೆ ಮೇಣದ ಪದರ ಬೇರೆ, ಹನಿ ನಿಲ್ಲಲ್ಲ ಜಾರಿ ಹೋಗತ್ತೆ. ಅಷ್ಟೇ ಗುರು, ದೊಡ್ಡ ರಹಸ್ಯ ಏನಿಲ್ಲ.

ಎಲೆಹಸಿರು:
ಅಷ್ಟೇ ಆಗಿದ್ರೆ ಕಾಡು ಓಟ್ಸೂ ಬದುಕ್ಬೇಕಿತ್ತಲ್ಲ ಸರ್, ಅದರ ಎಲೆನೂ ಅದೇ ಥರ ತಾನೇ? ಅಗಲ ಎಲೆ ಕಳೆ ವಿಷಯದಲ್ಲಿ ನೀವು ಹೇಳಿದ್ದು ಸ್ವಲ್ಪ ಮಟ್ಟಿಗೆ ನಿಜ, 2,4-ಡಿ ಥರದ ಔಷಧಿಗೆ ಎಲೆ ಆಕಾರನೂ ಲೆಕ್ಕಕ್ಕೆ ಬರತ್ತೆ, ಗೋಧಿ ಸುಳಿ ಕೆಳಗೆ ಎಲೆಗಳ ಒಳಗೆ ಮುಚ್ಕೊಂಡಿರೋದೂ ಲೆಕ್ಕಕ್ಕೆ ಬರತ್ತೆ. ಆದ್ರೆ ಮುಖ್ಯ ಕೆಲಸ ನಡೆಯೋದು ಎಲೆ ಮೇಲಲ್ಲ, ಒಳಗೆ.

ಪ್ರಶ್ನೆ ಕೇಳಿದವ್ರಿಗೆ: ಔಷಧಿ ಯಾರನ್ನೂ ಗುರುತು ಹಿಡಿಯಲ್ಲ. ಗೋಧಿ ಒಳಗೂ ಹೋಗತ್ತೆ, ಕಾಡು ಓಟ್ಸ್ ಒಳಗೂ ಹೋಗತ್ತೆ. ಕ್ಲೋಡಿನಾಫಾಪ್ ಹೊಡೆಯೋದು ಎಸಿಸಿಯೇಸ್ ಅನ್ನೋ ಕಿಣ್ವಕ್ಕೆ, ಗಿಡ ಕೊಬ್ಬು ತಯಾರಿಸೋಕೆ ಅದು ಬೇಕೇ ಬೇಕು, ಅದು ನಿಂತ್ರೆ ಹೊಸ ಜೀವಕೋಶದ ಪೊರೆ ಕಟ್ಟೋಕಾಗಲ್ಲ, ಅದಕ್ಕೇ ಮೊದಲು ಸುಳಿ ಕೊಳೆಯೋದು. ಹುಲ್ಲು ಜಾತಿಲಿ ಈ ಕಿಣ್ವದ ರೂಪ ಒಂದು ಥರ, ಅಗಲ ಎಲೆ ಗಿಡದಲ್ಲಿ ಇನ್ನೊಂದು ಥರ, ಹಾಗಾಗಿ ಅಗಲ ಎಲೆ ಗಿಡಕ್ಕೆ ಇದು ತಾಗೋದೇ ಇಲ್ಲ. ಗೋಧಿನೂ ಹುಲ್ಲೇ, ಅದರ ಕಿಣ್ವಕ್ಕೂ ಈ ವಿಷ ಅಂಟ್ಕೊಳತ್ತೆ! ಲೆಕ್ಕಕ್ಕೆ ಗೋಧಿನೂ ಸಾಯ್ಬೇಕು. ಸಾಯಲ್ಲ ಯಾಕಂದ್ರೆ ವಿಷ ತನ್ನ ಕೆಲಸ ಮುಗಿಸೋ ಮೊದಲೇ ಗೋಧಿ ಅದನ್ನ ಅರಗಿಸಿಬಿಡತ್ತೆ. ಪಿ450 ಅಂತ ಕಿಣ್ವಗಳ ದೊಡ್ಡ ಕುಟುಂಬ ಇದೆ, ಅವು ವಿಷದ ಅಣುಗೆ ಒಂದು ಆಮ್ಲಜನಕ ಸಿಕ್ಕಿಸ್ತವೆ, ಆಮೇಲೆ ಅದೇ ಜಾಗಕ್ಕೆ ಬೇರೆ ಕಿಣ್ವ ಬಂದು ಗ್ಲೂಕೋಸ್ ಅಂಟಿಸತ್ತೆ, ಕೊನೆಗೆ ಆ ಗಂಟು ಜೀವಕೋಶದ ಒಳಗಿರೋ ನೀರಿನ ಚೀಲಕ್ಕೆ ಹೋಗಿ ಬೀಳತ್ತೆ. ಮನೆಗೆ ನುಗ್ಗಿದವನ ಕೈಕಟ್ಟಿ ಅಟ್ಟದಲ್ಲಿ ಕೂರಿಸಿದ ಹಾಗೆ.

ಮೆಟ್‌ಸಲ್ಫ್ಯೂರಾನ್‌ದೂ ಇದೇ ಕಥೆ, ಅದು ಹೊಡೆಯೋದು ಮಾತ್ರ ಎಎಲ್‌ಎಸ್ ಅನ್ನೋ ಬೇರೆ ಕಿಣ್ವಕ್ಕೆ. ಅದೇ ಗುಂಪಿನ ಕ್ಲೋರ್‌ಸಲ್ಫ್ಯೂರಾನ್ 1982ರ ಹೊತ್ತಿಗೆ ಮಾರ್ಕೆಟ್‌ಗೆ ಬಂತು, ಅದರ ಮೇಲೆ ಅಳತೆ ಮಾಡಿ ನೋಡಿದ್ದಾರೆ, ಗೋಧಿ ಎಲೆ ಒಳಗೆ ಹೋದ ಔಷಧಿ ಅರ್ಧಕ್ಕೆ ಇಳಿಯೋಕೆ 2-3 ಗಂಟೆ ಸಾಕು, ಅದೇ ಸಾಯೋ ಕಳೆಗಳಲ್ಲಿ 24 ಗಂಟೆ ಆದ್ರೂ ಅರ್ಧ ಆಗಿರಲ್ಲ. ವ್ಯತ್ಯಾಸ ಇರೋದು ಸ್ಪೀಡಲ್ಲಿ.

ಹೊಸಬೆಳೆಗಾರ:
ಓಹೋ! ಅಂದ್ರೆ ಗೋಧಿಗೂ ವಿಷನೇ, ಬೇಗ ಜೀರ್ಣ ಮಾಡ್ಕೊಳತ್ತೆ ಅಷ್ಟೇ. ಆದ್ರೆ ಗೋಧಿಗೂ ಕಾಡು ಓಟ್ಸ್‌ಗೂ ಅಷ್ಟೊಂದು ವ್ಯತ್ಯಾಸ ಇರತ್ತಾ, ಎರಡೂ ಅಣ್ಣತಮ್ಮಂದ್ರ ಥರ ಇದಾವಲ್ಲ?

ಎಲೆಹಸಿರು:
ಒಳ್ಳೆ ಪ್ರಶ್ನೆ, ನಿಜ ಹೇಳ್ಬೇಕಂದ್ರೆ ಅಷ್ಟೊಂದು ವ್ಯತ್ಯಾಸ ಇಲ್ಲ, ಅದಕ್ಕೇ ಕಂಪನಿಯವ್ರು ಒಂದು ಉಪಾಯ ಮಾಡಿರ್ತಾರೆ. ಡಬ್ಬಿ ಮೇಲಿನ ಸಣ್ಣ ಅಕ್ಷರ ಓದಿ, ಕ್ಲೋಡಿನಾಫಾಪ್ ಜೊತೆ ಕ್ಲೋಕ್ವಿಂಟೋಸೆಟ್ ಅಂತ ಇರತ್ತೆ. ಅದು ಕಳೆ ಕೊಲ್ಲೋದಲ್ಲ, ಸೇಫ್ನರ್ ಅಂತಾರೆ. ಅದು ಗೋಧಿ ಒಳಗೆ ಹೋಗಿ ಈ ಪಿ450 ಥರದ ಕಿಣ್ವಗಳನ್ನ ಎಬ್ಬಿಸತ್ತೆ, ಕಾಡು ಓಟ್ಸ್‌ನಲ್ಲಿ ಅಷ್ಟಾಗಿ ಎಬ್ಬಿಸಲ್ಲ. ಅದೇ ಗುಂಪಿನ ಇನ್ನೊಂದು ಕಳೆ ಔಷಧಿ ಫೆನೋಕ್ಸಾಪ್ರಾಪ್‌ಗೆ ಮೆಫೆನ್‌ಪೈರ್ ಅಂತ ಇನ್ನೊಂದು ಸೇಫ್ನರ್ ಸೇರಿಸ್ತಾರೆ. ಸೇಫ್ನರ್ ಇಲ್ದೆ ಫೆನೋಕ್ಸಾಪ್ರಾಪ್ ಹೊಡೆದ್ರೆ ಗೋಧಿಗೂ ಪೆಟ್ಟು ಬೀಳತ್ತೆ.

ಹಳೇನೇಗಿಲು:
ಪುಸ್ತಕದ ಮಾತು ಚೆನ್ನಾಗಿ ಹೇಳಿದ್ದೀರಿ. ನಾನು ಹೊಲದ ಮಾತು ಹೇಳ್ತೀನಿ. ಈ ಅರಗಿಸೋ ಶಕ್ತಿ ಯಾವಾಗ್ಲೂ ಒಂದೇ ಸಮ ಇರಲ್ಲಪ್ಪ. ಚಳಿ ಜಾಸ್ತಿ ಇದ್ದಾಗ, ನೆಲದಲ್ಲಿ ನೀರು ನಿಂತಾಗ, ಗಿಡ ಸೊರಗಿದಾಗ ಗೋಧಿ ಕೈಯಲ್ಲೂ ಆಗಲ್ಲ, ಹಳದಿ ಆಗತ್ತೆ. ನಮಗೆ ಜ್ವರ ಬಂದಾಗ ಊಟ ಅರಗದ ಹಾಗೆ ಅನ್ಕೊಳ್ಳಿ.

2,4-ಡಿ ವಿಷಯದಲ್ಲಿ ನಾನೇ ಕೈಸುಟ್ಕೊಂಡಿದ್ದೀನಿ. ಅದು 1940ರ ದಶಕದಿಂದ ಇರೋ ಔಷಧಿ, ಹಳೇದು, ಏನಾಗತ್ತೆ ಬಿಡು ಅಂತ ಗೋಧಿಗೆ ಮೂರೇ ಎಲೆ ಇರೋವಾಗ ಹೊಡೆದುಬಿಟ್ಟೆ, ಕಳೆ ಚೆನ್ನಾಗೇ ಸತ್ತಿತು, ಖುಷಿಯಾಗಿದ್ದೆ, ಆಮೇಲೆ ನೋಡಿದ್ರೆ ಎಲೆಗಳು ಈರುಳ್ಳಿ ಎಲೆ ಥರ ಕೊಳವೆ ಆಗಿ ಸುತ್ಕೊಂಡಿದ್ವು, ತೆನೆ ಬಂದಾಗ ಅರ್ಧಕ್ಕರ್ಧ ಸೊಟ್ಟ. ಯಾಕಂದ್ರೆ ತೆಂಡೆ (ಬುಡದಿಂದ ಬರೋ ಪಕ್ಕದ ಮರಿ) ಒಡೆಯೋಕೆ ಮೊದಲು ಒಳಗೆ ತೆನೆಯ ಮೊಳಕೆ ರೂಪ ತಗೋತಾ ಇರತ್ತೆ, ಆಗ ಬೆಳವಣಿಗೆ ಹಾರ್ಮೋನ್ ಥರದ ಔಷಧಿ ಬಿದ್ರೆ ಎಲ್ಲಾ ಅಡ್ಡಾದಿಡ್ಡಿ ಆಗತ್ತೆ. ತೆಂಡೆ ಪೂರ್ತಿ ಒಡೆದ ಮೇಲೆ, ಗಣ್ಣು ಕಟ್ಟೋಕೆ ಮುಂಚೆ, ಆ ನಡುವಿನ ದಿನಗಳಲ್ಲಿ ಮಾತ್ರ ಹೊಡಿಬೇಕು. ತಡ ಆಗಿ ತೆನೆ ಹೊಟ್ಟೆಲಿರುವಾಗ ಹೊಡೆದ್ರೂ ಕಾಳು ಕಟ್ಟಲ್ಲ.

ಈಗ ಹೊಸಬರಿಗೆ ಒಂದು ಪ್ರಶ್ನೆ. ನಿಮ್ಮ ಹಳದಿ ಎಲ್ಲಾ ಕಡೆ ಇದ್ಯಾ, ಪಟ್ಟೆಪಟ್ಟೆಯಾಗಿದ್ಯಾ? ಮತ್ತೆ ಟ್ಯಾಂಕಲ್ಲಿ ಇನ್ನೇನಾದ್ರೂ ಬೆರೆಸಿದ್ರಾ? ಸತ್ಯ ಹೇಳಿ.

ಹೊಸಬೆಳೆಗಾರ:
ಅಣ್ಣ ನೀವು ಹೇಗೆ ಕಂಡುಹಿಡಿದ್ರಿ 😅 ಗಿಡದ ಮೇಲೆ ಸಸ್ಯಹೇನು ಕಾಣಿಸ್ತು ಅಂತ, ಎರಡು ಸಲ ಯಾಕೆ ಓಡಾಡೋದು ಅಂತ, ಕೊನೆ ಎರಡು ಟ್ಯಾಂಕಿಗೆ ಮೆಲಾಥಿಯಾನ್ ಕೀಟನಾಶಕ ಸೇರಿಸಿದ್ದೆ. ಈಗ ಯೋಚ್ನೆ ಮಾಡಿದ್ರೆ ಹಳದಿ ಇರೋದು ಹೆಚ್ಚುಕಮ್ಮಿ ಆ ಕಡೆನೇ.

ಹಳೇನೇಗಿಲು:
ಅನ್ಕೊಂಡೆ.

ಎಲೆಹಸಿರು:
ಅಯ್ಯೋ, ಹಾಗಾದ್ರೆ ನೀವು ಗೊತ್ತಿಲ್ದೆ ಸಂಶೋಧಕರು ಬೇಕಂತಲೇ ಮಾಡೋ ಪ್ರಯೋಗ ಮಾಡಿದ್ದೀರಿ. ಮೆಲಾಥಿಯಾನ್ ಥರದ ಆರ್ಗನೋಫಾಸ್ಫೇಟ್ ಕೀಟನಾಶಕಗಳು ಪಿ450 ಕಿಣ್ವಗಳನ್ನ ತಡೀತವೆ, ಯಾವ ಗಿಡ ವಿಷನ ಅರಗಿಸಿ ಬದುಕ್ತಿದೆ ಅಂತ ತಿಳ್ಕೊಳೋಕೆ ಲ್ಯಾಬಲ್ಲಿ ಇದನ್ನೇ ಬಳಸ್ತಾರೆ. ಗೋಧಿಯ ಅಡುಗೆಮನೆಗೇ ಬೀಗ ಹಾಕಿ ಆಮೇಲೆ ಊಟ ಬಡಿಸಿದ ಹಾಗಾಯ್ತು. ಮೆಟ್‌ಸಲ್ಫ್ಯೂರಾನ್ ಸೇರಿರೋ ಸಲ್ಫೋನಿಲ್ ಯೂರಿಯಾ ಗುಂಪಿನ ಔಷಧಿಗಳ ಲೇಬಲ್ ಮೇಲೆ ಆರ್ಗನೋಫಾಸ್ಫೇಟ್ ಬೆರೆಸೋದ್ರ ಬಗ್ಗೆ ಎಚ್ಚರಿಕೆ ಇರೋದು ಇದಕ್ಕೇ. ಸುಳಿ ಹಸಿರಾಗಿದ್ರೆ ಗಾಬರಿ ಬೇಡ, ಸಾಮಾನ್ಯವಾಗಿ ಹೊಸ ಎಲೆ ಚೆನ್ನಾಗೇ ಬರತ್ತೆ.

ಗಣ್ಣುಕಡ್ಡಿ:
ಸರಿ ಸರಿ, ಮೇಣದ ಮಾತು ವಾಪಸ್ ತಗೊಂಡೆ. ಆದ್ರೆ ಔಷಧಿ ತಡೆಯೋ ಗೋಧಿ ಅಂತಾನೇ ಬೇರೆ ತಳಿ ಬರ್ತವಲ್ಲ, ಅವು ಜಿಎಂ ಅಲ್ವಾ?

ಎಲೆಹಸಿರು:
ಎರಡೂ ಥರ ಇದೆ. ಕ್ಲಿಯರ್‌ಫೀಲ್ಡ್ ಅಂತ ಒಂದು, ಜಿಎಂ ಅಲ್ಲ. ಫಿಡೆಲ್ ಅನ್ನೋ ಫ್ರೆಂಚ್ ತಳಿಯ ಬೀಜನ ಸೋಡಿಯಂ ಅಜೈಡ್ ಅನ್ನೋ ರಾಸಾಯನಿಕದಿಂದ ಉಪಚರಿಸಿ, ರೂಪಾಂತರ ಆದ ಸಾವಿರಾರು ಗಿಡಗಳಲ್ಲಿ ಬದುಕಿದ್ದನ್ನ ಆರಿಸಿದ್ದು. ಇಲ್ಲಿ ಅರಗಿಸೋ ಆಟ ಅಲ್ಲ, ಎಎಲ್‌ಎಸ್ ಕಿಣ್ವದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿದೆ, ಸೆರೀನ್ ಜಾಗದಲ್ಲಿ ಆಸ್ಪರಜಿನ್, ಬೀಗ ಬದಲಾದ್ರೆ ಹಳೇ ಕೀಲಿ ಕೂರಲ್ಲ ನೋಡಿ ಹಾಗೆ, ಇಮಿಡಜೋಲಿನೋನ್ ಗುಂಪಿನ ಔಷಧಿ ಅಲ್ಲಿ ಅಂಟೋದೇ ಇಲ್ಲ. ಮಜಾ ಏನಂದ್ರೆ ಬ್ರೆಡ್ ಗೋಧಿಲಿ ಎ, ಬಿ, ಡಿ ಅಂತ ಮೂರು ಜೀನೋಮ್ ಇದೆ, ಪ್ರತಿಯೊಂದರಲ್ಲೂ ಈ ಜೀನ್‌ನ ಒಂದು ಪ್ರತಿ, ಒಂದೇ ಪ್ರತಿ ಬದಲಾದ್ರೆ ತಡೆಯೋ ಶಕ್ತಿ ಮಧ್ಯಮ, ಎರಡು ಬದಲಾದ್ರೆ ಜಾಸ್ತಿ.

ಜಿಎಂದು ಅಂದ್ರೆ ಗ್ಲೈಫೋಸೇಟ್ (ಕಳೆ, ಬೆಳೆ ಅನ್ನದೆ ಕೊಲ್ಲೋ ಔಷಧಿ) ತಡೆಯೋ ಗೋಧಿ ಮಾಡಿದ್ರು, ಮೊನ್ಸಾಂಟೊ ಕಂಪನಿ 2004ರಲ್ಲಿ ಅದನ್ನ ಕೈಬಿಡ್ತು. ಅರ್ಜೆಂಟೀನಾದಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕ ಎಚ್‌ಬಿ4 ಗೋಧಿ ಬರ ತಡೆಯೋಕೆ ಅಂತ ಮಾಡಿದ್ದು, ಜೊತೆಗೆ ಗ್ಲುಫೋಸಿನೇಟ್ ಅನ್ನೋ ಇನ್ನೊಂದು ಕಳೆ ಔಷಧಿ ತಡೆಯೋ ಜೀನೂ ಇದೆ. ನಿಮ್ಮ ಮಾಮೂಲಿ ಗೋಧಿಗೆ ಗ್ಲೈಫೋಸೇಟ್ ಬಿದ್ರೆ ಕಥೆ ಮುಗೀತು, ಅದನ್ನ ಸಾಕಷ್ಟು ಬೇಗ ಅರಗಿಸೋ ಕಿಣ್ವ ಗೋಧಿಲಿಲ್ಲ.

ಹಳೇನೇಗಿಲು:
ಇನ್ನೊಂದು ಮಾತು. ಗೋಧಿ ಮಾಡೋದನ್ನ ಕಳೆನೂ ಕಲಿಯತ್ತೆ. ಉತ್ತರ ಭಾರತದ ಗೋಧಿ ಹೊಲಗಳಲ್ಲಿ ಫಲಾರಿಸ್ ಮೈನರ್ ಅನ್ನೋ ಹುಲ್ಲಿಗೆ ವರ್ಷಗಟ್ಟಲೆ ಐಸೋಪ್ರೊಟ್ಯೂರಾನ್ ಅನ್ನೋ ಕಳೆ ಔಷಧಿ ಒಂದನ್ನೇ ಹೊಡೆದ್ರು, 1990ರ ದಶಕದ ಮೊದಲಲ್ಲಿ ಅದು ಸಾಯೋದೇ ನಿಲ್ಲಿಸ್ತು. ನೋಡಿದ್ರೆ ಅದೂ ಗೋಧಿ ಥರಾನೇ ಔಷಧಿನ ಅರಗಿಸ್ತಾ ಇತ್ತು. ಆಸ್ಟ್ರೇಲಿಯಾದಲ್ಲಿ ರೈಗ್ರಾಸ್, ಇಂಗ್ಲೆಂಡಲ್ಲಿ ಬ್ಲ್ಯಾಕ್‌ಗ್ರಾಸ್, ಅಲ್ಲೂ ಇದೇ ಗೋಳು. ಹಾಗಾಗಿ ಉಳಿದಿರೋ ಕಾಡು ಓಟ್ಸ್ ಗಿಡಗಳನ್ನ ಬೀಜ ಕಟ್ಟೋ ಮುಂಚೆ ಕೈಯಲ್ಲೇ ಕಿತ್ತು ಹೊರಗೆ ಹಾಕಿ, ಮುಂದಿನ ವರ್ಷ ಅದೇ ಡಬ್ಬಿ ತರಬೇಡಿ, ಬೇರೆ ಗುಂಪಿನದು ತನ್ನಿ. ಮತ್ತೆ ಗೋಧಿ ಆದ್ಮೇಲೆ ಏನು ಹಾಕ್ತೀರೋ ನೋಡ್ಕೊಳ್ಳಿ, ಮೆಟ್‌ಸಲ್ಫ್ಯೂರಾನ್ ಹೆಕ್ಟೇರ್‌ಗೆ ಬರೀ 4 ಗ್ರಾಂ ಹೋಗಿರತ್ತೆ ನಿಜ, ಆದ್ರೆ ಕ್ಷಾರದ ಮಣ್ಣಲ್ಲಿ ಅದು ತಿಂಗಳುಗಟ್ಟಲೆ ಕೂತಿರತ್ತೆ, ದ್ವಿದಳ ಬೆಳೆಗೆ ಗೋಧಿ ಥರ ಅರಗಿಸೋಕೆ ಬರಲ್ಲ.

ಹೊಸಬೆಳೆಗಾರ:
ಐದು ದಿನ ಬಿಟ್ಟು ಬರೀತಿದ್ದೀನಿ. ಮೆಲಾಥಿಯಾನ್ ಬಿದ್ದ ಕಡೆ ಗಿಡ ಇನ್ನೂ ಒಂದು ಬೆರಳು ಗಿಡ್ಡ ಇದೆ, ಆದ್ರೆ ಹೊಸ ಎಲೆ ಹಸಿರಾಗೇ ಬಂದಿದೆ. ಕಾಡು ಓಟ್ಸ್ ಹನ್ನೊಂದು ಗಿಡ ಉಳಿದಿತ್ತು, ಕಿತ್ತೆ. ಅದರಲ್ಲಿ ಒಂದು ಗೋಧಿನೇ ಇತ್ತು ಅಂತ ಕಿತ್ತ ಮೇಲೆ ಗೊತ್ತಾಯ್ತು.

ಹಳೇನೇಗಿಲು:
ಎಲೆಯ ಬುಡದಲ್ಲಿ, ಅದು ಕಾಂಡನ ಅಪ್ಪಿರೋ ಕಡೆ ನೋಡಪ್ಪ. ಗೋಧಿಗೆ ಅಲ್ಲಿ ಎರಡು ಸಣ್ಣ ಕಿವಿ ಇರತ್ತೆ, ಕಾಡು ಓಟ್ಸ್‌ಗೆ ಇರಲ್ಲ.